ಪಾವಗಡದ ಬಿಸಿಲಿಗೆ ಬೆಲೆ ಬಂತು. ಕೂಲಿಯವರ ಪಾಲು ಎಲ್ಲಿದೆ?

ಪಾವಗಡದ ಸೋಲಾರ್ ಪಾರ್ಕನ್ನು ಇನ್ನೂ ಸುಮಾರು 10,000 ಎಕರೆಗೆ ವಿಸ್ತರಿಸುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ಜಮೀನು ಕೊಡಲು ರೈತರೇ ಮುಂದೆ ಬರುತ್ತಿದ್ದಾರೆ ಎನ್ನುವುದು ಸರ್ಕಾರದ ಸಮರ್ಥನೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಮೂರು ವರ್ಷಕ್ಕೊಮ್ಮೆ ಬೀಜದ ಖರ್ಚೂ ಕೈಗೆ ಬಾರದೆ ಕುಳಿತವರಿಗೆ ವರ್ಷವರ್ಷವೂ ಬ್ಯಾಂಕ್ ಖಾತೆಗೆ ಬಂದು ಬೀಳುವ ಬಾಡಿಗೆ ದೊಡ್ಡ ಆಸರೆ. ಆ ರೈತರನ್ನು ತಪ್ಪು ದಾರಿ ಹಿಡಿದವರೆಂದು ನೋಡುವ ಹಕ್ಕು ಬೆಂಗಳೂರಿನಲ್ಲಿ ಕುಳಿತವರಿಗೆ ಇಲ್ಲ. ನನ್ನ ತಕರಾರು ಬೇರೆಯದು. ಮೊದಲ 13,000 ಎಕರೆಯಲ್ಲಿ ಯಾರ ಹೆಸರು ಲೆಕ್ಕಕ್ಕೆ ಬಂತು, ಯಾರದು ಬರಲಿಲ್ಲ ಎಂಬುದನ್ನು ನೋಡದೆ ಮುಂದಿನ 10,000 ಎಕರೆಗೆ ಸಹಿ ಹಾಕಿಸಿದರೆ, ಹಳೆಯ ಅನ್ಯಾಯ ಹೊಸ ಊರುಗಳಿಗೂ ಹಬ್ಬುತ್ತದೆ.

ತುಮಕೂರು ಜಿಲ್ಲೆಯಲ್ಲಿದ್ದರೂ ಪಾವಗಡ ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ತಾಲ್ಲೂಕು. ಮಧುಗಿರಿ ದಾಟಿ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಮಡಕಶಿರಾದಲ್ಲಿ ಆಂಧ್ರದ ನೆಲದ ಮೇಲೆಯೇ ಹಾದುಹೋಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ರಾಯದುರ್ಗ–ತುಮಕೂರು ರೈಲು ಮಾರ್ಗದಲ್ಲಿ ಪಾವಗಡವೂ ಇದೆ; 2007-08ರಲ್ಲಿ ಮಂಜೂರಾದ ಆ ಮಾರ್ಗ ಹದಿನೈದು ವರ್ಷ ದಾಟಿದರೂ ಪೂರ್ತಿಯಾಗಲಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಪಾವಗಡವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಬೆಂಗಳೂರಿನಿಂದ 180 ಕಿಲೋಮೀಟರ್ ಆಸುಪಾಸಿನಲ್ಲಿರುವ ಊರು ಇಷ್ಟು ದೂರವೆನಿಸಲು ಕಾರಣ ಮೈಲಿಗಲ್ಲುಗಳಲ್ಲ. ಜಿಲ್ಲಾ ಕೇಂದ್ರದ ಕಡತ ಇಲ್ಲಿಗೆ ತಲುಪುವ ಹೊತ್ತಿಗೆ ಬೇರೆ ರಾಜ್ಯವನ್ನು ದಾಟಿ ಬಂದಿರುತ್ತದೆ.

ಇದು ಅರೆ ಮರುಭೂಮಿಯ ಅಂಚು. ನೈರುತ್ಯ ಮುಂಗಾರು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು ಬರಿಗೈಯಲ್ಲಿ ಇತ್ತ ಬರುತ್ತದೆ; ಪೂರ್ವ ಕರಾವಳಿಯ ಹಿಂಗಾರು ಇಲ್ಲಿಗೆ ಮುಟ್ಟುವ ಹೊತ್ತಿಗೆ ಸೋತಿರುತ್ತದೆ. ಪಕ್ಕದ ಅನಂತಪುರವನ್ನು ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಜೈಸಲ್ಮೇರ್ ನಂತರ ಎಣಿಸುತ್ತಾರೆ. ಪಾವಗಡದ ಆಕಾಶವೂ ಅದೇ. ಆರು ದಶಕಗಳಲ್ಲಿ 54 ಬಾರಿ ಬರಪೀಡಿತ ಎನಿಸಿಕೊಂಡ ತಾಲ್ಲೂಕು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೆಲದಡಿಯಲ್ಲಿ ಗಟ್ಟಿ ಕಲ್ಲು. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ನೀರಿನೊಂದಿಗೆ ಫ್ಲೋರೈಡ್ ಮೇಲೆ ಬರುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ, ನಡುವಯಸ್ಸಿಗೇ ಮಂಡಿ ಮತ್ತು ಬೆನ್ನಿನ ಬಿಗಿತ ಇಲ್ಲಿನವರಿಗೆ ಹೊಸ ಸುದ್ದಿಯಲ್ಲ. ಕುಡಿಯುವ ನೀರಿಗೆ ತುಂಗಭದ್ರಾ ಹಿನ್ನೀರಿನಿಂದ ಕೊಳವೆ ಎಳೆಯಬೇಕಾಯಿತು ಎಂದರೆ ಸ್ಥಳೀಯ ಜಲಮೂಲದ ಸ್ಥಿತಿ ಅರ್ಥವಾಗುತ್ತದೆ. ಬೇಸಾಯದ ನೀರಿನ ಆಸೆಯೆಲ್ಲ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಮೇಲೆ. 2023-24ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಹಣ ಬರಲಿಲ್ಲ ಎಂಬ ರಾಜ್ಯದ ದೂರು ಅಲ್ಲಿಂದಾಚೆಗೆ ಮುಂದುವರಿದೇ ಇದೆ.

ಇಂಥ ನೆಲದಲ್ಲಿ ಕಡಲೆಕಾಯಿ ಬೇರೂರಿದ್ದಕ್ಕೆ ಕಾರಣಗಳಿವೆ. ಕೆಂಪು ಮಣ್ಣಿಗೆ ಒಗ್ಗುವ ಬೆಳೆ, ಕಡಿಮೆ ಮಳೆಗೂ ತಡೆಯುತ್ತದೆ, ಸಾಲುಗಳ ನಡುವೆ ತೊಗರಿ, ಅಲಸಂದೆ, ಹರಳು ಹಾಕಬಹುದು, ಬಳ್ಳಿ ದನಕ್ಕೆ ಮೇವಾಗುತ್ತದೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಕಾರ್ಯಕ್ರಮ ಆರಂಭಿಸಿ ದೇಶ ಅಡುಗೆ ಎಣ್ಣೆಯಲ್ಲಿ ತನ್ನ ಕಾಲ ಮೇಲೆ ನಿಲ್ಲಬೇಕೆಂದಾಗ ಇಂಥ ತಾಲ್ಲೂಕುಗಳೇ ಮುಂದೆ ನಿಂತವು. 1990ರ ದಶಕದ ಮಧ್ಯದಲ್ಲಿ ಆಮದಿಗೆ ಬಾಗಿಲು ತೆರೆದು ತಾಳೆ ಎಣ್ಣೆ ಹರಿದು ಬಂದಾಗ ಅದೇ ರೈತರು ಬೆಲೆಯಲ್ಲಿ ನೆಲಕಚ್ಚಿದರು. ಹೂವಾಡಿ ಕಾಯಿ ಮಣ್ಣಿಗಿಳಿಯುವ ಹೊತ್ತಿಗೆ ಒಂದು ಹದ ಮಳೆ ತಪ್ಪಿದರೆ ಇಡೀ ವರ್ಷ ತಪ್ಪಿದಂತೆ. ಪಾವಗಡದ ಯುವಕರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಸೆಕ್ಯುರಿಟಿ ಕೆಲಸಕ್ಕೆ ಹೊರಟದ್ದು ಸೋಲಾರ್ ಬರುವುದಕ್ಕೆ ಬಹಳ ಮೊದಲೇ. ಪಾರ್ಕು ಬಂದು ಸಮೃದ್ಧ ಬೇಸಾಯವನ್ನು ಹಾಳುಮಾಡಿತು ಎನ್ನುವವರು ಈ ಹಿಂದಿನ ಮೂವತ್ತು ವರ್ಷಗಳನ್ನು ಮರೆತಿರುತ್ತಾರೆ.

ಕೇಂದ್ರದ ಸೋಲಾರ್ ಪಾರ್ಕ್ ಯೋಜನೆ ರೂಪುಗೊಂಡದ್ದು 2014ರ ಡಿಸೆಂಬರ್‌ನಲ್ಲಿ. 2015ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮವನ್ನು ಕಟ್ಟಿದವು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಜಮೀನನ್ನು ನಿಗಮ ಗುತ್ತಿಗೆಗೆ ಪಡೆಯಿತು. ರಸ್ತೆ, ಉಪಕೇಂದ್ರ, ವಿದ್ಯುತ್ ಮಾರ್ಗಗಳ ವ್ಯವಸ್ಥೆ ಮಾಡಿ, ಜಾಗವನ್ನು ತುಂಡುತುಂಡಾಗಿ ಕಂಪನಿಗಳಿಗೆ ಕೊಟ್ಟಿತು. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆ. 2019ರ ಕೊನೆಗೆ 2,050 ಮೆಗಾವಾಟ್ ಪೂರ್ಣ. ಒಟ್ಟು ಹೂಡಿಕೆ ಸುಮಾರು 14,800 ಕೋಟಿ ರೂಪಾಯಿ. ಇಷ್ಟು ಬೇಗ ಇಷ್ಟು ದೊಡ್ಡ ಕೆಲಸ ಮುಗಿದದ್ದು ಈ ದೇಶದಲ್ಲಿ ಅಪರೂಪ.

ಅದಕ್ಕೆ ಮುಖ್ಯ ಕಾರಣ, ಜಮೀನನ್ನು ಯಾರಿಂದಲೂ ಕಿತ್ತುಕೊಳ್ಳದೇ ಇದ್ದದ್ದು. ರಾಜಸ್ಥಾನದ ಭಡ್ಲಾ ಪಾರ್ಕು ಎದ್ದದ್ದು ಬಹುಮಟ್ಟಿಗೆ ಸರ್ಕಾರಿ ಮರಳು ಭೂಮಿಯಲ್ಲಿ. ಪಾವಗಡದಲ್ಲಿ ಬಹುಪಾಲು ಖಾಸಗಿ ಹಿಡುವಳಿ. ಸ್ವಾಧೀನಕ್ಕೆ ಹೋಗಿದ್ದರೆ ಮೊಕದ್ದಮೆಗಳಲ್ಲಿ ಹತ್ತು ವರ್ಷ ಕಳೆಯುತ್ತಿತ್ತು. ಅದರ ಬದಲು 28 ವರ್ಷದ ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಉಳಿಯುತ್ತದೆ. ಒಡೆತನ ಬಿಡದೆ ಆದಾಯ ಪಡೆಯುವ ಈ ದಾರಿ ಒಳ್ಳೆಯದೇ, ಬೇರೆ ರಾಜ್ಯಗಳು ಬಂದು ನೋಡಿಕೊಂಡು ಹೋಗುವಂಥದ್ದೇ. ಆದರೂ ಇದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಶೇ 2.5ಕ್ಕೂ ಸ್ವಲ್ಪ ಕಡಿಮೆ. ಎಂಟು ವರ್ಷ ಕಳೆದ ಮೇಲೆ ಬಾಡಿಗೆ 25,500 ರೂಪಾಯಿಯ ಹತ್ತಿರ ಬರುತ್ತದೆ. ಗುತ್ತಿಗೆಯ ಕೊನೆಯ ಎರಡು ವರ್ಷಗಳಲ್ಲಿ ಅದು ಸುಮಾರು 39,600. ಕೇಳಲು ಹೆಚ್ಚಾದಂತೆಯೇ ಕಾಣುತ್ತದೆ. ಆದರೆ ಬೆಲೆ ಏರಿಕೆ ವರ್ಷಕ್ಕೆ ಸರಾಸರಿ ಶೇ 5 ಇದ್ದರೆ ಆ 39,600 ರೂಪಾಯಿಯಿಂದ ಕೊಳ್ಳಬಹುದಾದದ್ದು ಮೊದಲ ವರ್ಷದ 10,600 ರೂಪಾಯಿಯ ಸಾಮಾನಿನಷ್ಟು. ಅಂದರೆ ಮಗ ಪಡೆಯುವ ಬಾಡಿಗೆ ತಂದೆ ಸಹಿ ಹಾಕಿದ ದಿನದ ಬಾಡಿಗೆಯ ಅರ್ಧ. ಸಹಿ ಹಾಕುವ ದಿನ ಈ ಲೆಕ್ಕವನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಬಿಡಿಸಿ ಹೇಳುವುದು ನಿಗಮದ ಕರ್ತವ್ಯವಾಗಬೇಕು.

ಇನ್ನೊಂದು ಕಡೆಯಿಂದಲೂ ನೋಡೋಣ. 2,050 ಮೆಗಾವಾಟ್‌ಗೆ 13,000 ಎಕರೆ ಎಂದರೆ ಮೆಗಾವಾಟ್‌ಗೆ ಆರೂಕಾಲು ಎಕರೆ ಚಿಲ್ಲರೆ. ಸ್ಥಾಪಿತ ಸಾಮರ್ಥ್ಯದ ಶೇ 20ರಷ್ಟು ವರ್ಷವಿಡೀ ಉತ್ಪಾದನೆಯಾಗುತ್ತದೆ ಎಂದು ಎಣಿಸಿದರೆ ಒಂದು ಮೆಗಾವಾಟ್ ವರ್ಷಕ್ಕೆ ಸುಮಾರು ಹದಿನೇಳೂವರೆ ಲಕ್ಷ ಯೂನಿಟ್ ಕೊಡುತ್ತದೆ. ಒಂದು ಎಕರೆಗೆ ಬಂದರೆ ಎರಡು ಲಕ್ಷ ಎಪ್ಪತ್ತಾರು ಸಾವಿರ ಯೂನಿಟ್. 2016ರ ಹರಾಜಿನಲ್ಲಿ ಫಿನ್ಲೆಂಡಿನ ಫೋರ್ಟಮ್ ಕಂಪನಿ ಇಲ್ಲಿ 100 ಮೆಗಾವಾಟ್ ಪಡೆದದ್ದು ಯೂನಿಟ್‌ಗೆ 4.79 ರೂಪಾಯಿಯ ದರದಲ್ಲಿ. ಆ ದರದಲ್ಲಿ ಒಂದು ಎಕರೆಯ ವಾರ್ಷಿಕ ಮಾರಾಟ 13 ಲಕ್ಷ ರೂಪಾಯಿ ದಾಟುತ್ತದೆ. ನಂತರದ ಹರಾಜುಗಳಲ್ಲಿ ದರ ಇಳಿಯಿತು. 3 ರೂಪಾಯಿ ಎಂದುಕೊಂಡರೂ 8 ಲಕ್ಷಕ್ಕೆ ಕಡಿಮೆ ಇಲ್ಲ. ಕಂಪನಿಗೆ ಸಾಲ, ಬಡ್ಡಿ, ಪ್ಯಾನೆಲ್, ನಿರ್ವಹಣೆಯ ಖರ್ಚುಗಳಿವೆ, ಇದೆಲ್ಲ ಲಾಭವಲ್ಲ. ಒಪ್ಪಿಕೊಳ್ಳೋಣ. ಆದರೂ ನೆಲದ ಬಾಡಿಗೆ ಒಂದು ಯೂನಿಟ್‌ಗೆ ಬೀಳುವುದು ಏಳೂವರೆ ಪೈಸೆ ಎಂಬುದು ನೆನಪಿರಲಿ. ಬಾಡಿಗೆಯನ್ನು ಬೆಲೆ ಏರಿಕೆಗೆ ಜೋಡಿಸಿದರೆ ವಿದ್ಯುತ್ ಕೈಗೆಟುಕದಂತಾಗುತ್ತದೆ ಎಂಬ ವಾದ ಈ ಏಳೂವರೆ ಪೈಸೆಯ ಮುಂದೆ ನಿಲ್ಲುವುದಿಲ್ಲ.

ಇದು ಜಮೀನಿದ್ದವರ ಮಾತಾಯಿತು. ಅವರೊಳಗೂ ಒಂದೇ ತೂಕವಿಲ್ಲ. ಐವತ್ತು ಎಕರೆಯ ಮನೆಗೆ ವರ್ಷಕ್ಕೆ ಹತ್ತೂವರೆ ಲಕ್ಷ. ಅವರು ಪೇಟೆಯಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಬಲ್ಲರು. ಮೂರು ಎಕರೆಯ ಮನೆಗೆ 63,000, ಅಂದರೆ ತಿಂಗಳಿಗೆ 5,250. ಅಣ್ಣತಮ್ಮಂದಿರು ಮೂವರಿದ್ದರೆ ತಲೆಗೆ 1,750 ರೂಪಾಯಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ವಂಶವೃಕ್ಷ, ತಕರಾರು ಅರ್ಜಿ ಎಂದು ನಾಡಕಚೇರಿಗೆ ಅಲೆದಾಟ. ಅದು ತೀರುವವರೆಗೆ ಹಣ ಕೈಸೇರುವುದಿಲ್ಲ. ಬಗರ್ ಹುಕುಂ ಜಮೀನನ್ನು ತಲೆಮಾರಿನಿಂದ ಉತ್ತವರ ಬಳಿ ಹಕ್ಕುಪತ್ರವೇ ಇಲ್ಲದಿದ್ದರೆ ಬಾಡಿಗೆಯ ಪ್ರಶ್ನೆಯೇ ಹುಟ್ಟುವುದಿಲ್ಲ.

ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಬೇರೆಯವರ ಹೊಲ ಮಾಡುತ್ತಿದ್ದವರ ಕಥೆ ಇದಕ್ಕಿಂತ ವಿಚಿತ್ರ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಗೇಣಿಗೆ ಅವಕಾಶವಿಲ್ಲ. ಉಳುವವನೇ ಹೊಲದೊಡೆಯನಾದ, ನಮ್ಮ ರಾಜ್ಯ ಹೆಮ್ಮೆಪಡಬೇಕಾದ ಕೆಲಸ ಅದು. ಆದರೆ ಬಾಯಿಮಾತಿನ ವಾರ, ಪಾಲು, ಗುತ್ತಿಗೆ ಹಳ್ಳಿಗಳಲ್ಲಿ ನಿಂತಿಲ್ಲ. ಊರು ಬಿಟ್ಟವರ ಹೊಲವನ್ನು ಊರಿನಲ್ಲಿ ಉಳಿದವರು ಉಳುತ್ತಲೇ ಬಂದರು. ಕಾನೂನಿನ ಕಣ್ಣಿಗೆ ಅಂಥವರು ಇಲ್ಲವೇ ಇಲ್ಲ. ಹೊಲದೊಡೆಯ ಪಾರ್ಕಿಗೆ ಸಹಿ ಹಾಕಿದ ದಿನ ಇವರ ಬೇಸಾಯ ಮುಗಿಯಿತು, ಅದನ್ನು ಬರೆದುಕೊಳ್ಳುವ ಯಾವ ರಿಜಿಸ್ಟರೂ ಇರಲಿಲ್ಲ.

ಅತಿ ಹೆಚ್ಚು ಕಳೆದುಕೊಂಡವರು ಕೂಲಿಯವರು, ಅದರಲ್ಲೂ ಹೆಂಗಸರು. ಕಡಲೆಕಾಯಿ ಕೈಕೆಲಸದ ಬೆಳೆ. ಬಿತ್ತನೆಗೆ ಮೊದಲು ಕಾಯಿ ಸುಲಿದು ಬೀಜ ಆರಿಸಬೇಕು. ಮೊಳೆತ ಮೇಲೆ ಕಳೆ ತೆಗೆಯಬೇಕು. ಕೊನೆಗೆ ಬಳ್ಳಿ ಕೀಳಬೇಕು, ಗುಡ್ಡೆ ಹಾಕಬೇಕು, ಕುಳಿತು ಕಾಯಿ ಬಿಡಿಸಬೇಕು. ಪ್ರತಿ ಹಂತದಲ್ಲೂ ಮಹಿಳೆಯರ ಗುಂಪೊಂದು ಹೊಲದಲ್ಲಿರುತ್ತದೆ. ಕೂಲಿಯ ಜೊತೆಗೆ ಒಂದಿಷ್ಟು ಕಾಯಿ, ಮೇಕೆಗೆ ಒಂದು ಹೊರೆ ಬಳ್ಳಿ, ಒಲೆಗೆ ತೊಗರಿ ಕಡ್ಡಿ ಮನೆಗೆ ಬರುತ್ತಿತ್ತು. ಬೆಳೆ ಕೈಕೊಟ್ಟ ವರ್ಷವೂ ಕಳೆ ತೆಗೆಯುವ ಕೂಲಿಯಾದರೂ ಸಿಕ್ಕಿರುತ್ತಿತ್ತು, ಏಕೆಂದರೆ ಮಳೆ ನಿಂತದ್ದು ಆಮೇಲೆ. ಪಾರ್ಕಿನಲ್ಲಿ ಈ ಕೆಲಸಗಳ ಬದಲಿಗೆ ಇರುವುದು ಪ್ಯಾನೆಲ್ ಒರೆಸುವುದು, ಕೆಳಗೆ ಬೆಳೆದ ಹುಲ್ಲು ಕೊಯ್ಯುವುದು, ಗೇಟು ಕಾಯುವುದು. ಅವೂ ಗುತ್ತಿಗೆದಾರರ ಮೂಲಕ, ಬೇಕಾದಾಗ ಕರೆದು ಬೇಡವಾದಾಗ ಬಿಡುವ ಕೆಲಸಗಳು. ತಾಂತ್ರಿಕ ಹುದ್ದೆಗೆ ಐಟಿಐ, ಡಿಪ್ಲೊಮಾ ಬೇಕು. ಒಂದು ಸೋಲಾರ್ ಘಟಕ ಕಟ್ಟುವಾಗ ನೂರಾರು ಕೈ ಬೇಕು, ಕಟ್ಟಿ ಮುಗಿದ ಮೇಲೆ ಬೆರಳೆಣಿಕೆ ಸಾಕು. ಈಗ ಒರೆಸುವ ಕೆಲಸವನ್ನೂ ಯಂತ್ರಗಳು ಮಾಡತೊಡಗಿವೆ. ನೀರಿಲ್ಲದ ತಾಲ್ಲೂಕಿನಲ್ಲಿ ನೀರು ಉಳಿಸುವ ಆ ಯಂತ್ರ ಬೇಕಾದದ್ದೇ, ಆದರೆ ಅದು ಉಳಿದಿದ್ದ ಕೂಲಿಯನ್ನೂ ಒಯ್ಯುತ್ತದೆ. ನರೇಗಾ ಕೂಲಿ 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನವೂ ಸಿಕ್ಕಿತೆಂದುಕೊಂಡರೆ ವರ್ಷಕ್ಕೆ 37,000. ಅಷ್ಟರಲ್ಲಿ ಒಂದು ಮನೆ ನಡೆಯುವುದಿಲ್ಲ.

ಕುರಿಗಾರರನ್ನು ಇಲ್ಲಿ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಟಾವಾದ ಹೊಲ ಊರಿನ ಕುರಿ ಮೇಕೆಗಳಿಗೆಲ್ಲ ತೆರೆದಿರುತ್ತಿತ್ತು. ರಾತ್ರಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಅಥವಾ ಕಾಸು. ಇದು ಪಹಣಿಯ ಯಾವ ಕಾಲಂನಲ್ಲೂ ಬರೆಯದ ಹಕ್ಕು. ಬೇಲಿ ಬಂದ ಮೇಲೆ ಸಾವಿರಾರು ಎಕರೆಯ ಮೇಯುವ ನೆಲ ಒಂದೇ ಬಾರಿಗೆ ಮುಚ್ಚಿತು. ಒಳಗೆ ಪ್ಯಾನೆಲ್ಲುಗಳ ನೆರಳಿನಲ್ಲಿ ಹುಲ್ಲು ಬೆಳೆಯುತ್ತದೆ, ಕಂಪನಿ ಕೂಲಿ ಕೊಟ್ಟು ಅದನ್ನು ಕೊಯ್ಯಿಸುತ್ತದೆ. ಹೊರಗೆ ಕುರಿಗಾರ ಮೇವು ಹುಡುಕುತ್ತ ಇನ್ನೊಂದು ಊರಿನ ಗುಡ್ಡಕ್ಕೆ ಹೋಗುತ್ತಾನೆ. ಮೇಕೆ ಪ್ಯಾನೆಲ್ ಮೇಲೆ ಹತ್ತುತ್ತದೆ, ತಂತಿ ಕಡಿಯುತ್ತದೆ. ಕುರಿ ಹತ್ತುವುದಿಲ್ಲ. ಅಮೆರಿಕ ಮತ್ತು ಯುರೋಪಿನ ಸೋಲಾರ್ ಹೊಲಗಳಲ್ಲಿ ಹುಲ್ಲು ಮೇಯಿಸಲೆಂದೇ ಕುರಿಗಳನ್ನು ಕರೆಸುತ್ತಾರೆ. ಸ್ಥಳೀಯ ಕುರಿಗಾರರ ಸಂಘಗಳಿಗೆ ನಿಗದಿತ ಬ್ಲಾಕುಗಳಲ್ಲಿ, ನಿಗದಿತ ತಿಂಗಳುಗಳಲ್ಲಿ ಒಳಗೆ ಬಿಡುವ ಒಪ್ಪಂದ ಮಾಡಿಕೊಳ್ಳಲು ಹೊಸ ತಂತ್ರಜ್ಞಾನವೇನೂ ಬೇಡ.

ಇಷ್ಟೆಲ್ಲ ಜನ ಲೆಕ್ಕದಿಂದ ಹೊರಗೆ ಉಳಿದದ್ದು ಯಾರದೋ ದುಷ್ಟತನದಿಂದಲ್ಲ. ಗುತ್ತಿಗೆ ಎಂಬ ವ್ಯವಸ್ಥೆಯ ಒಳಗೇ ಆ ಕೊರತೆ ಇದೆ. 2013ರ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ಗಳ ಪಟ್ಟಿಯಲ್ಲಿ ಜಮೀನಿನ ಒಡೆಯರ ಜೊತೆಗೆ ಭೂಮಿಯಿಲ್ಲದವರನ್ನೂ ಸೇರಿಸಿದೆ: ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಅಲ್ಲಿ ದುಡಿದ ಕೃಷಿ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳು. ಅವರ ಕುಟುಂಬಕ್ಕೆ ಒಂದು ಉದ್ಯೋಗ, ಇಲ್ಲವೇ 5 ಲಕ್ಷ ರೂಪಾಯಿ, ಇಲ್ಲವೇ ಇಪ್ಪತ್ತು ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿಯ ವರ್ಷಾಶನ ಸಿಗಬೇಕು ಎನ್ನುತ್ತದೆ. ಆ 2,000 ಕೂಡ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಬೇಕು. ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು. ಆದರೆ ಇದೆಲ್ಲ ಸ್ವಾಧೀನವಾದರೆ ಮಾತ್ರ. ಗುತ್ತಿಗೆ ಎಂದರೆ ಇಬ್ಬರ ನಡುವಿನ ಕರಾರು. ಮೂರನೆಯವರನ್ನು ಕೇಳುವ ಅಗತ್ಯ ಬೀಳುವುದಿಲ್ಲ. ಸೌರ ವಿದ್ಯುತ್ ಯೋಜನೆಗಳಿಗೆ ಪರಿಸರ ಪರಿಣಾಮ ಅಧ್ಯಯನದಿಂದಲೂ ವಿನಾಯಿತಿ ಇದೆ. ಆದ್ದರಿಂದ 53 ಚದರ ಕಿಲೋಮೀಟರ್ ಬೇಸಾಯದ ನೆಲದ ಉಪಯೋಗ ಬದಲಾಗುವಾಗ, ಅಲ್ಲಿ ದುಡಿಯುತ್ತಿದ್ದವರ ಪಟ್ಟಿ ತಯಾರಿಸಲೇಬೇಕಾದ ಕಾನೂನಿನ ಒತ್ತಡ ಯಾವ ಕಚೇರಿಯ ಮೇಲೂ ಇರಲಿಲ್ಲ. ರೈತಸ್ನೇಹಿ ಎಂದು ನಾವು ಮೆಚ್ಚುವ ಮಾದರಿಯೇ ಕೂಲಿಯವರಿಗೆ ಕಾಯ್ದೆ ಕೊಟ್ಟಿದ್ದ ಏಕೈಕ ರಕ್ಷಣೆಯನ್ನು ಬದಿಗೆ ಸರಿಸಿತು.

ಇದನ್ನು ಸರಿಪಡಿಸುವ ಖರ್ಚು ಎಷ್ಟು? ಮೇಲಿನ ಎಣಿಕೆಯಲ್ಲೇ ಪೂರ್ತಿ ಪಾರ್ಕಿನ ಉತ್ಪಾದನೆ ವರ್ಷಕ್ಕೆ ಸುಮಾರು 360 ಕೋಟಿ ಯೂನಿಟ್. ಯೂನಿಟ್‌ಗೆ ಒಂದು ಪೈಸೆ ಎತ್ತಿಟ್ಟರೆ ವರ್ಷಕ್ಕೆ 3 ಕೋಟಿ 60 ಲಕ್ಷ ರೂಪಾಯಿ. ಐದು ಊರುಗಳಲ್ಲಿ ಭೂಮಿಯಿಲ್ಲದ ಎರಡು ಸಾವಿರ ಕುಟುಂಬಗಳಿವೆ ಎಂದಿಟ್ಟುಕೊಂಡರೂ ಪ್ರತಿ ಮನೆಗೆ 18,000 ಬರುತ್ತದೆ. ಜಮೀನಿದ್ದವರ ಒಟ್ಟು ಬಾಡಿಗೆ ಮೊದಲ ದರದಲ್ಲಿ ವರ್ಷಕ್ಕೆ 27 ಕೋಟಿ ಚಿಲ್ಲರೆ. ಈ ಹಣ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಬರಲಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಶಾಲೆಗೆ ಬಣ್ಣ, ಊರಿಗೆ ಶುದ್ಧ ನೀರಿನ ಘಟಕ ಒಳ್ಳೆಯ ಕೆಲಸಗಳೇ, ಆದರೆ ಅವು ಕೊಡುವವರ ಇಷ್ಟಕ್ಕೆ ಬಿಟ್ಟವು. ಕೂಲಿ ಕಳೆದುಕೊಂಡ ಹೆಂಗಸಿಗೆ ಸಲ್ಲಬೇಕಾದದ್ದು ಅವಳ ಖಾತೆಗೆ ನೇರವಾಗಿ, ಕರಾರಿನ ಒಂದು ಷರತ್ತಾಗಿ ಬರಬೇಕು.

ರೈತರೇ ವಿದ್ಯುತ್ ಉತ್ಪಾದಕರಾಗಲಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. 2019ರ ಕುಸುಮ್ ಯೋಜನೆಯಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕವನ್ನು ರೈತರು ತಮ್ಮ ಜಮೀನಿನಲ್ಲಿ ಹಾಕಿ ವಿದ್ಯುತ್ ಮಾರಬಹುದು. ಆದರೆ ಒಂದು ಮೆಗಾವಾಟ್‌ಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಬೆಳೆ ಸಾಲಕ್ಕೇ ಜಾಮೀನು ಹುಡುಕುವ ಪಾವಗಡದ ರೈತನಿಗೆ ಅದನ್ನು ಪರಿಹಾರವೆಂದು ತೋರಿಸುವುದು ಸರಿಯಲ್ಲ. ಸಹಕಾರ ಸಂಘದ ಮೂಲಕ ಪಾರ್ಕಿನ ಒಂದೆರಡು ಬ್ಲಾಕುಗಳಲ್ಲಿ ಊರಿನವರಿಗೆ ಷೇರು ಕೊಡುವ ಪ್ರಯೋಗ ಮಾತ್ರ ಮಾಡಿ ನೋಡಬೇಕಾದದ್ದು. ಹಾಲಿನ ಸೊಸೈಟಿ ನಡೆಸಿದ ಜಿಲ್ಲೆಗೆ ಇದು ತೀರ ಅಪರಿಚಿತವಲ್ಲ.

ಗುತ್ತಿಗೆ ಮುಗಿಯುವ 2040ರ ದಶಕದ ಬಗ್ಗೆಯೂ ಈಗಲೇ ಯೋಚಿಸಬೇಕು. ಪ್ಯಾನೆಲ್ ಸಾಲುಗಳಿಗಾಗಿ ನೆಲ ಮಟ್ಟಸವಾಗಿದೆ; ಬದು ಹೋಗಿದೆ, ಬಾಂದು ಕಲ್ಲುಗಳು ಎಷ್ಟೋ ಕಡೆ ಎದ್ದುಹೋಗಿವೆ. 28 ವರ್ಷದ ನಂತರ ಸರ್ವೆ ನಂಬರ್ ಹಿಡಿದು ಬರುವ ಮೊಮ್ಮಗನಿಗೆ ತನ್ನ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವವರು ಯಾರು? ಕಂಬಗಳ ಕಾಂಕ್ರೀಟ್ ಕಿತ್ತು ಮಣ್ಣನ್ನು ಉಳುವ ಸ್ಥಿತಿಗೆ ತರುವ ಖರ್ಚು ಯಾರದು? 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಪ್ಯಾನೆಲ್ಲುಗಳನ್ನು ತಯಾರಕರು 2034-35ರವರೆಗೆ ಸಂಗ್ರಹಿಸಿ ಇಡಬೇಕೆಂದು ಹೇಳುತ್ತವೆ. ಪಾವಗಡದ ಪ್ಯಾನೆಲ್ಲುಗಳ ಬಹುಭಾಗ ಆಯುಸ್ಸು ಮುಗಿಸುವುದು ಅದಾದ ಮೇಲೆ. ಹೊಲ ಖಾಲಿ ಮಾಡಿಸುವ ಠೇವಣಿಯನ್ನು ಕಂಪನಿಗಳಿಂದ ಈಗಿನಿಂದಲೇ ಕಂತಿನಲ್ಲಿ ಕಟ್ಟಿಸಿಕೊಳ್ಳದಿದ್ದರೆ, ಆಗ ಕಂಪನಿಯ ಹೆಸರೂ ಒಡೆತನವೂ ಬದಲಾಗಿರುತ್ತದೆ.

ಹಳೆಯ ಕರಾರುಗಳನ್ನು ತಿದ್ದುವುದು ಕಷ್ಟ, ಅದರ ಮೇಲೆ ಬ್ಯಾಂಕುಗಳ ಸಾಲ ನಿಂತಿದೆ. ಹೊಸ 10,000 ಎಕರೆಯ ಕರಾರು ಮಾತ್ರ ಸರ್ಕಾರದ ಕೈಯಲ್ಲೇ ಇದೆ. ಬಾಡಿಗೆ ಬೆಲೆ ಸೂಚ್ಯಂಕಕ್ಕೆ ಜೋಡಣೆಯಾಗಲಿ. ಸಹಿ ಬೀಳುವ ಮೊದಲು ಗ್ರಾಮಸಭೆ ಕರೆದು ಆ ಹೊಲಗಳಲ್ಲಿ ಮೂರು ವರ್ಷದಿಂದ ಕೂಲಿಗೆ, ವಾರಕ್ಕೆ ದುಡಿದವರ ಹಾಗೂ ಕುರಿ ಮೇಯಿಸಿದವರ ಹೆಸರು ಬರೆದುಕೊಳ್ಳಲಿ. ಆ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಅಂಟಲಿ, ತಕರಾರು ಕೇಳಿ ತಿದ್ದಲಿ, ಆಮೇಲೆ ಟೆಂಡರ್ ದಾಖಲೆಯ ಭಾಗವಾಗಲಿ. ಹರಾಜಿಗೆ ಬರುವ ಕಂಪನಿ ಮೊದಲೇ ಒಂದು ಪೈಸೆಯ ಲೆಕ್ಕ ಸೇರಿಸಿ ದರ ಕೂಗುತ್ತದೆ. ಈ ಪಟ್ಟಿ ತಯಾರಿಸಲು ತಹಶೀಲ್ದಾರರಿಗೆ ಹೊಸ ಕಾಯ್ದೆ ಬೇಕಿಲ್ಲ, ಇಂಧನ ಇಲಾಖೆಯ ಒಂದು ಆದೇಶ ಸಾಕು. ಅದು ಗುತ್ತಿಗೆ ಪತ್ರಗಳು ನೋಂದಣಿಯಾಗುವ ಮೊದಲು ಹೊರಬೀಳಬೇಕು.